ತಳದ ನೀರು

ನಮ್ಮ ಗುಡ್ಡದ ಕಡೆ ಹೆಣ್ಣಿನವರು ಬಂದರೆ ಮೊದಲು ಹುಡುಗನ ಮುಖ ನೋಡುವುದಿಲ್ಲ, ಹಗೇವಿನ ಮುಚ್ಚಳ ತೆಗೆಸುತ್ತಾರೆ. ಕಾಳಿನ ಹಗೇವಲ್ಲ, ನೀರಿನದು. ಹುಯಿನಿಂಗ್ ಸೀಮೆಯ ಈ ಹಳದಿ ಮಣ್ಣಿನಲ್ಲಿ ಎಷ್ಟು ಆಳ ತೋಡಿದರೂ ಬಾವಿಯಾಗುವುದಿಲ್ಲ. ಅಂಗಳದಲ್ಲಿ ಬಿದ್ದ ಮಳೆ, ಗುಡಿಸಿ ತಂದ ಹಿಮ, ಎರಡನ್ನೂ ನೆಲದೊಳಗೆ ತುಂಬಿಟ್ಟು ವರ್ಷವಿಡೀ ಕುಡಿಯಬೇಕು. ಮುಚ್ಚಳಕ್ಕೆ ಬೀಗ ಇರುತ್ತದೆ.

ನನ್ನ ಅಣ್ಣ ಗೆನ್‌ಶಾನ್‌ಗೆ ಮೂವತ್ತೊಂದು. ಎರಡು ಸಂಬಂಧಗಳು ಹಗೇವಿನ ಬಾಯಿಂದಲೇ ವಾಪಸು ಹೋಗಿದ್ದವು. ಆ ವಸಂತದಲ್ಲಿ ಸಂಬಂಧ ಕುದುರಿಸುವ ನಿಯೂ ಅತ್ತೆ ಮೂರನೆಯದು ತಂದಳು. ಹುಡುಗಿಯ ಹೆಸರು ಯಿನ್‌ಪಿಂಗ್. ಇದೂ ತಪ್ಪಿದರೆ ತಾನಿನ್ನು ಈ ಮನೆ ಮೆಟ್ಟಿಲು ಹತ್ತುವುದಿಲ್ಲ ಎಂದು ಅತ್ತೆ ಹೇಳಿಯೇ ಹೋದಳು. ಅವಳು ಹೋದ ಮೇಲೆ ಅಣ್ಣ ಕತ್ತೆಯ ಬೆನ್ನು ಉಜ್ಜುತ್ತಾ ತುಂಬ ಹೊತ್ತು ನಿಂತಿದ್ದ.

ಹಗೇವು ನನ್ನ ಪಾಲಿನ ಕೆಲಸ. ಮೂರನೇ ತರಗತಿಗೆ ಶಾಲೆ ಬಿಟ್ಟಾಗಿನಿಂದ ಗಂಟು ಹಾಕಿದ ಹಗ್ಗ ಇಳಿಬಿಟ್ಟು ನೀರು ಅಳೆಯುವವಳು, ದಿನಕ್ಕೆ ಎರಡೇ ಬಕೆಟ್ ಸೇದುವವಳು ನಾನು. ಮುಖ ತೊಳೆದ ಒಂದೇ ಬೋಗುಣಿ ನೀರು ಅಪ್ಪನಿಂದ ಶುರುವಾಗಿ ನನ್ನವರೆಗೆ ಬಂದು, ತಿಳಿಯಾದ ಮೇಲೆ ಕತ್ತೆಗೆ ಹೋಗುತ್ತಿತ್ತು. ತೀರಿಹೋದ ಅಜ್ಜ ನೀರು ಇಂಗದಂತೆ ಒಂದು ಚಳಿಗಾಲ ಪೂರ್ತಿ ಕೆಂಪು ಜೇಡಿಮಣ್ಣು ಬಡಿದು ಬಡಿದು ಒಳಗೋಡೆಗೆ ಕೂರಿಸಿದ್ದ. ತಳದ ಎರಡು ಗೇಣು ನೀರನ್ನು ಯಾವ ಬರದಲ್ಲೂ ಮುಟ್ಟಬೇಡಿ ಎಂದು ಹೇಳುತ್ತಿದ್ದ. ಜೇಡಿ ಒಮ್ಮೆ ಒಣಗಿದರೆ ಬಿರಿಯುತ್ತದೆ, ಬಿರಿದದ್ದು ಮತ್ತೆ ಕೂಡುವುದಿಲ್ಲ.

ಆ ವರ್ಷ ಹಿಮ ಬೀಳಲಿಲ್ಲ. ಹಗೇವಿನಲ್ಲಿ ಮೂರು ಗೇಣು ನೀರಿತ್ತು, ಅದೂ ಕದಡಿದ್ದು. ನೋಡಿದವರು ನಮ್ಮ ಮಗಳಿಗೆ ಕೆಸರು ಕುಡಿಸುತ್ತೀರಾ ಎಂದು ಕೇಳುತ್ತಾರೆ ಎಂಬುದೇ ಅಪ್ಪನ ಚಿಂತೆಯಾಯಿತು. ಎಲ್ಲ ನೀರನ್ನೂ ಗಡಿಗೆಗಳಿಗೆ ಎತ್ತಿ, ತಳದ ಕೆಸರು ಹೆರೆದು, ತಿಳಿನೀರು ತಿರುಗಿ ಸುರಿಯೋಣ ಎಂದ. ಅವ್ವ ಅಜ್ಜನ ಮಾತು ನೆನಪಿಸಿದಳು.

"ಎರಡು ದಿನಕ್ಕೆ ಏನಾಗುತ್ತೆ ಕಣೇ?" ಅಂದ ಅಪ್ಪ. "ನೀನು ಎರಡು ತಿಂಗಳಿಂದ ತಲೆ ತೊಳೆದಿಲ್ಲ, ಬಿರಿದೆಯಾ?"

ಅವ್ವನೂ ನಕ್ಕಳು.

ನಾನು ಹಗುರ, ಅದಕ್ಕೆ ಹಗ್ಗ ಕಟ್ಟಿ ನನ್ನನ್ನೇ ಇಳಿಸಿದರು. ಕೆಸರು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿತ್ತು. ಎರಡು ದಿನ ನಾಲ್ಕಾಯಿತು. ಮುಚ್ಚಳ ತೆರೆದೇ ಇತ್ತು, ಮೇಲೆ ಒಣಗಾಳಿ ಬೀಸುತ್ತಿತ್ತು. ಕೊನೆಯ ಬುಟ್ಟಿ ತುಂಬುವಾಗ ಗೋಡೆಯ ಮೇಲೊಂದು ಕೂದಲೆಳೆಯಂಥ ಗೆರೆ ಕಂಡಿತು. ಉಗುರು ಇಟ್ಟೆ. ಒಳಗೆ ಹೋಯಿತು.

ಮೇಲೆ ಬಂದಾಗ ಅಪ್ಪ ಅಣ್ಣನ ಗಡ್ಡ ಬೋಳಿಸುತ್ತಾ, ಮದುವೆ ಗಂಡೋ ತೆರಿಗೆ ಕೇಳೋಕೆ ಬಂದವನೋ ಅಂತ ಚುಡಾಯಿಸುತ್ತಿದ್ದ. ಅಣ್ಣ ಅಷ್ಟು ನಕ್ಕಿದ್ದನ್ನು ನಾನು ಯಾವಾಗ ಕಂಡಿದ್ದೆನೋ ನೆನಪಿಲ್ಲ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಗಡಿಗೆಗಳ ನೀರು ತಿರುಗಿ ಒಳಗೆ ಹೋಯಿತು.

ಮರುದಿನ ಬೆಳಿಗ್ಗೆಯೇ ಹೆಣ್ಣಿನವರು ಬಂದರು. ಯಿನ್‌ಪಿಂಗ್‌ನ ಅಪ್ಪ ಕನ್ನಡಿ ಹಿಡಿದು ಬಿಸಿಲನ್ನು ಹಗೇವಿನೊಳಗೆ ಬಿಟ್ಟು ನೋಡಿದ. ನೀರು ಕರ್ರಗೆ, ಆಳವಾಗಿ ಹೊಳೆಯಿತು. ಈ ವರ್ಷ ಎಲ್ಲರ ಹಗೇವಿನ ಕೆಸರಲ್ಲೂ ಕಪ್ಪೆ ಕೂತಿದೆ, ನಿಮ್ಮದರಲ್ಲಿ ನನ್ನ ಮುಖ ಕಾಣುತ್ತಿದೆ ಎಂದು ಹೊಗಳಿದ. ಅವ್ವ ಮುಖ ತೊಳೆಯಲು ಹೊಸ ನೀರು ಕೊಟ್ಟಾಗ ಯಿನ್‌ಪಿಂಗ್ ಅರ್ಧ ಚೊಂಬು ಮಾತ್ರ ತೆಗೆದುಕೊಂಡು ಉಳಿದದ್ದನ್ನು ನನ್ನ ಕೈಗೇ ವಾಪಸು ಕೊಟ್ಟಳು. ನನಗೆ ಅವಳು ಆಗಲೇ ಅತ್ತಿಗೆಯಾಗಿಬಿಟ್ಟಳು.

ಹೊರಡುವಾಗ ಅವಳ ಅಪ್ಪ ಅಂದ, "ಮದುವೆ ಆಲೂಗಡ್ಡೆ ಕಿತ್ತ ಮೇಲೆ ಇಟ್ಕೊಳ್ಳೋಣ. ಮೊದಲ ಮಳೆ ಆಗಲಿ, ಇನ್ನೊಂದು ಸಲ ಬಂದು ನೋಡ್ತೀನಿ. ಬೇಜಾರು ಮಾಡ್ಕೋಬೇಡಿ, ಹೆಣ್ಣು ಹೆತ್ತವನು."

ಮಾರನೆಯ ದಿನ ಹಗ್ಗದಲ್ಲಿ ಒಂದು ಗಂಟು ಕಡಿಮೆ ನೆನೆದಿತ್ತು. ಐದನೆಯ ದಿನ ಹಗ್ಗದ ತುದಿಗೆ ಬರೀ ಮಣ್ಣು ಮೆತ್ತಿತು. ಯಾರೋ ಕದಿಯುತ್ತಿದ್ದಾರೆ ಎಂದು ಅಪ್ಪ ಬೀಗ ಬದಲಿಸಿದ, ನೆರೆಯವರ ಜೊತೆ ಜಗಳಕ್ಕೂ ಹೋದ. ಆಗ ನಾನು ಗೆರೆಯ ವಿಷಯ ಹೇಳಿದೆ.

"ಯಾವತ್ತು ಕಂಡೆ?" ಅಪ್ಪ ಕೇಳಿದ.

"ಗಡ್ಡ ಬೋಳಿಸ್ತಿದ್ರಲ್ಲ, ಆವತ್ತು."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅಣ್ಣ ಮಾತ್ರ, ಮಳೆ ನೀರು ಕುಡಿದರೆ ಜೇಡಿ ಉಬ್ಬಿ ತಾನೇ ಮುಚ್ಚಿಕೊಳ್ಳುತ್ತದೆ ಎಂದ. ಎರಡು ತಿಂಗಳು ಅಣ್ಣ ಕತ್ತೆಯ ಜೊತೆ ಕಣಿವೆಯ ಹಳ್ಳಕ್ಕಿಳಿದು, ದಿನಕ್ಕೊಂದು ಪೀಪಾಯಿ ಉಪ್ಪುನೀರು ತಂದ. ಕತ್ತೆಯೂ ಅದನ್ನು ಮೂಸಿ ನೋಡಿಯೇ ಕುಡಿಯುತ್ತಿತ್ತು.

ವರ್ಷದ ಆರನೆಯ ತಿಂಗಳಲ್ಲಿ ಮಳೆ ಬಂತು. ಒಳ್ಳೆಯ ಮಳೆ. ಮೋಡ ಕಟ್ಟಿದಾಗಲೇ ಅಂಗಳ ಗುಡಿಸಿದ್ದೆವು. ಕತ್ತೆಯ ಲದ್ದಿ, ಹುಲ್ಲು ಏನೂ ಇರಲಿಲ್ಲ. ನೀರು ಗುಡುಗುಡು ಒಳಗೆ ಬಿತ್ತು. ಸಂಜೆಗೆ ಹಗೇವಿನ ಕುತ್ತಿಗೆವರೆಗೂ ಬಂದಿತ್ತು. ಅಣ್ಣ ನೆನೆಯುತ್ತಲೇ ಅದರ ಪಕ್ಕ ಕೂತಿದ್ದ. ಅವ್ವ ಎರಡೂ ಕೈ ನೀರಿಗೆ ಅದ್ದಿ ಮುಖಕ್ಕೆ ಹಚ್ಚಿಕೊಂಡಳು.

ಬೆಳಿಗ್ಗೆ ಅರ್ಧ ಇತ್ತು. ಅದರ ಮರುದಿನ ಮೊಣಕಾಲಿನಷ್ಟು. ಮನೆಯಲ್ಲಿದ್ದ ಗಡಿಗೆ, ಬಾಣಲೆ, ಉಪ್ಪಿನಕಾಯಿ ಜಾಡಿಯನ್ನೂ ತುಂಬಿಸಿದೆವು. ತುಂಬಿಸುತ್ತಿದ್ದಂತೆಯೇ ಒಳಗಿನದು ಇಳಿಯುತ್ತಿತ್ತು.

ನಾಲ್ಕನೆಯ ದಿನ ಯಿನ್‌ಪಿಂಗ್‌ನ ಅಪ್ಪ ಬಂದ. ಅಪ್ಪ ಚಹಾ ಕಾಸುವ ನೆಪದಲ್ಲಿ ಒಳಗೆ ಹೋದ. ಅಣ್ಣನೇ ಬೀಗ ತೆಗೆದು ಮುಚ್ಚಳ ಎತ್ತಿದ.

"ನೋಡೋದು ಬೇಡ ಮಾವ," ಅಂದ. "ಇಲ್ಲ."

ಆತ ಆದರೂ ಬಗ್ಗಿ ನೋಡಿದ. ಆಮೇಲೆ ಅಣ್ಣನ ಹೆಗಲ ಮೇಲೆ ಕೈಯಿಟ್ಟು, ನೀನು ಒಳ್ಳೆಯ ಹುಡುಗ, ಆದರೆ ನನ್ನ ಮಗಳೂ ದಿನಾ ಕುಡಿಯಬೇಕಲ್ಲ ಎಂದ. ಚಹಾಕ್ಕೆ ನಿಲ್ಲಲಿಲ್ಲ. ನಮ್ಮ ನೀರು ಉಳಿಯಲಿ ಎಂದೇ ನಿಲ್ಲಲಿಲ್ಲವೇನೋ.

ಅವನು ತಿರುವು ದಾಟುವವರೆಗೂ ಅಣ್ಣ ನಿಂತಿದ್ದ. ನಂತರ ಗುದ್ದಲಿ ತೆಗೆದುಕೊಂಡು ಕೆಂಪು ಜೇಡಿಯ ದಿಬ್ಬಕ್ಕೆ ಹೋಗಿ ಎರಡು ಬುಟ್ಟಿ ಮಣ್ಣು ತಂದು ಅಂಗಳಕ್ಕೆ ಸುರಿದ. ಕಲಸಲು ನೀರು ಕೊಡು ಎಂದ. ನಾನು ಗಡಿಗೆಗಳತ್ತ ನೋಡಿದೆ. ಒಂದು ಹಗೇವಿಗೆ ಮೆತ್ತುವಷ್ಟು ಜೇಡಿ ಕಲಸಬೇಕಾದರೆ ಎಲ್ಲ ಗಡಿಗೆಗಳೂ ಖಾಲಿಯಾಗಬೇಕು. ಅದು ಅವನಿಗೂ ಗೊತ್ತಿತ್ತು. ಅಂಗಳದಲ್ಲಿ ಮಳೆ ನಿಂತಿದ್ದ ಗುಂಡಿಯಿಂದ ಬೊಗಸೆ ತುಂಬಿಕೊಳ್ಳಲು ಹೋದೆ. ಬೆರಳಿಗೆ ಹಸಿಮಣ್ಣು ಮಾತ್ರ ಹತ್ತಿತು.