ತುಂಡು ತುಂಡು ಆಕಾಶ

"ಅಕ್ಕಾ, ಈ ವೈರ್ ಕಿತ್ತುಬುಡ್ಲಾ?" ಎನ್ನುತ್ತಾ ತಾಜ್ ಪಾಷಾ ಕಂಪ್ಯೂಟರ್ ಮೇಜಿನ ಕೆಳಗೆ ಕೈ ಹಾಕಿದ. ಗೋಡೆಗೆ ಒರಗಿ ಕೂತಿದ್ದ ಸೌಮ್ಯಶ್ರೀ ದಡಕ್ಕನೆ ಎದ್ದಳು.

"ಅಯ್ಯೋ, ಅದನ್ನ ಮುಟ್ಬೇಡ!"

ನಡುಮನೆಯಲ್ಲಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ನೆನ್ನೆ ಸಂಜೆ ಗಂಡ ರುದ್ರಪ್ರಸಾದ್ ಎದೆ ಹಿಡಿದುಕೊಂಡು ಕುಸಿದಾಗಿನಿಂದ ಒಂದು ಹನಿ ಕಣ್ಣೀರು ಹಾಕದವಳು, ಒಂದು ಮಾತೂ ಆಡದವಳು, ಈಗ ಬಾಯಿ ಬಿಟ್ಟದ್ದು ಒಂದು ವೈರಿಗಾಗಿ!

ತಾಜ್ ಪಾಷಾ ಕುದೂರಿನಿಂದ ತಂದಿದ್ದು ಲಿಂಗಾಯತರ ಮನೆಗಳಿಗೆಂದೇ ಮಾಡಿಸಿದ ಎತ್ತರದ ಫ್ರೀಜರ್ ಪೆಟ್ಟಿಗೆ. ಅದರೊಳಗೆ ಹೆಣವನ್ನು ಕೂರಿಸಿಯೇ ಇಡಬಹುದು. ರುದ್ರಪ್ರಸಾದ್ ಹಣೆ ತುಂಬ ವಿಭೂತಿ ಬಳಿಸಿಕೊಂಡು ಗಾಜಿನೊಳಗೆ ಕೂತಾಗಿತ್ತು. ಆದರೆ ಪೆಟ್ಟಿಗೆಯ ಮೋಟಾರು ಗುರ್ ಎಂದು ಮತ್ತೆ ಮತ್ತೆ ನಿಲ್ಲುತ್ತಿತ್ತು. ಏಪ್ರಿಲ್ ಬಿಸಿಲು ಬೇರೆ. ಬೀದರಿನಲ್ಲಿ ಟೀಚರಾಗಿರುವ ಮಗಳು ಕವನ ಇನ್ನೂ ದಾರಿಯಲ್ಲಿದ್ದಳು.

"ಹಳೇ ವೈರಿಂಗು ಅಕ್ಕ. ಕಂಪ್ಯೂಟ್ರೂ ಇದೂ ಎರಡೂ ಎಳೆಯಕ್ಕಾಗಲ್ಲ. ಪಕ್ಕದ ಮನೇಲೂ ನೋಡ್ದೆ, ವೋಲ್ಟೇಜೇ ಇಲ್ಲ."

ಮೈದುನ ಉದಯಶಂಕರನಿಗೆ ರೇಗಿತು. "ಅಣ್ಣನೇ ಹೊಂಟೋಗವ್ನೆ ಅತ್ತಿಗೆ. ಇನ್ನು ಆ ಕಂಪ್ಯೂಟ್ರು ಯಾರಿಗೆ?"

"ಸಂಜೆಗೆ ಅದ್ರ ಕೆಲ್ಸ ಮುಗೀತದೆ. ಆಮೇಲೆ ಏನಾರ ಮಾಡ್ಕೊಳಿ."

*

ಕುದೂರಿನಲ್ಲಿ ಸ್ಟುಡಿಯೊ ಇಟ್ಟು ಮದುವೆ ಫೋಟೊ ತೆಗೆಯುತ್ತಿದ್ದ ರುದ್ರಪ್ರಸಾದನಿಗೆ ಆಕಾಶದ ಹುಚ್ಚು ಹೇಗೆ ಹತ್ತಿತೋ ಆ ಶಿವನೇ ಬಲ್ಲ. ಮಹಾವ್ಯಾಧ ಎಂಬ ನಕ್ಷತ್ರಪುಂಜದ ಸುತ್ತ ಕೆಂಪು ಅನಿಲದ ದೊಡ್ಡ ಮೋಡವಿದೆ, ನೀಹಾರಿಕೆ, ಬರಿಗಣ್ಣಿಗೆ ಕಾಣುವುದಿಲ್ಲ ಎನ್ನುತ್ತಿದ್ದ. ಅದು ಒಂದೇ ಫೋಟೊದಲ್ಲಿ ಹಿಡಿಸುವುದಿಲ್ಲ. ಆಕಾಶವನ್ನು ಚೌಕ ಚೌಕವಾಗಿ ತೆಗೆದು ಕೊನೆಗೆ ಸೇರಿಸಬೇಕು. ಒಂದೊಂದು ಚೌಕಕ್ಕೂ ಹಲವು ರಾತ್ರಿ. ಗುಡೇಮಾರನಹಳ್ಳಿಯ ಈ ಮನೆಯ ತಾರಸಿಯ ಮೇಲೆ ಮೂರು ಚಳಿಗಾಲ ಕಳೆದ. ಬೆಳಕು ಹರಿಯುತ್ತಲೇ ಲೆನ್ಸಿನ ಬಾಯಿಗೆ ತನ್ನ ಬಿಳಿ ಪಂಚೆ ಬಿಗಿದು ಬರೀ ಬೆಳಕಿನ ಫೋಟೊ ತೆಗೆಯುತ್ತಿದ್ದ. ಲೆನ್ಸಿನ ದೂಳು, ಕಲೆಗಳನ್ನೆಲ್ಲ ಆಮೇಲೆ ಅದರಿಂದ ಕಳೆಯಬಹುದಂತೆ.

"ಆಕಾಶಕ್ಕೂ ಪಂಚೆ ಉಡಿಸ್ತೀರಾ?" ಎಂದು ಕಾಫಿ ತಂದ ಸೌಮ್ಯಶ್ರೀ ಒಮ್ಮೆ ನಕ್ಕಿದ್ದಳು.

ಒಂದು ಚೌಕ ಮುಗಿದಾಗೆಲ್ಲ ಅವನು ಕರೆಯುತ್ತಿದ್ದ. "ಸೌಮ್ಯ, ಒಸಿ ಬಾ, ನೋಡು."

"ತುಂಡು ತುಂಡು ಏನ್ ನೋಡೋದು? ಎಲ್ಲಾ ಸೇರಿಸಿ ಆದ್ಮೇಲೆ ಕರೀರಿ, ಬತ್ತೀನಿ."

ಇದು ತಮಾಷೆಯ ಮಾತಾಗಿರಲಿಲ್ಲ. ಮೂರು ಚಳಿಗಾಲ ಒಬ್ಬಳೇ ಮಲಗಿದ್ದ ಸಿಟ್ಟು ಅದರಲ್ಲಿತ್ತು. ಬರಬರುತ್ತಾ ಅವನೂ ಕರೆಯುವುದನ್ನು ಬಿಟ್ಟ.

ನೆನ್ನೆ ಮಧ್ಯಾಹ್ನ ಮಾತ್ರ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದ. "ತುಂಡು ಸೇರಿಸೋದು, ಅಡಗಿರೋ ಕೆಂಪು ಬಣ್ಣ ಎಳೆಯೋದು ಎಲ್ಲಾ ಕಂಪ್ಯೂಟರಿಗೆ ಹೇಳಿಟ್ಟಿವ್ನಿ. ನಾಳೆ ಸಂಜೆಗೆ ಆಯ್ತದೆ. ಮಧ್ಯದಲ್ಲಿ ನಿಂತ್ರೆ ಎಲ್ಲಾ ಹೋಯ್ತದೆ, ಆಫ್ ಮಾಡ್ಬುಟ್ಟೀಯ ಮತ್ತೆ. ಆದ್ಮೇಲೆ ಕರೀತೀನಿ, ಬತ್ತೀಯ ತಾನೆ?"

"ನೋಡಾಣ," ಎಂದಿದ್ದಳು. ಹೂಂ ಎನ್ನುವುದಕ್ಕೆ ಏನಾಗಿತ್ತು ಧಾಡಿ!

*

ಫೋನಿನಲ್ಲಿ ಕವನ ಅಳುತ್ತಿದ್ದಳು. "ಬಸ್ಸು ಕೆಟ್ಟೋಗಿತ್ತಮ್ಮ, ಇನ್ನೂ ಅನಂತಪುರದಲ್ಲಿದ್ದೀನಿ. ಅಪ್ಪನ ಮುಖ ನೋಡೋಕ್ ಮುಂಚೆ ಮಣ್ಣು ಮಾಡ್ಬುಟ್ಟೀರ."

"ಇಟ್ಕೊಂಡಿರ್ತೀವಿ, ನೀನು ಬಾ ಮಗಾ," ಎಂದಳು ಸೌಮ್ಯಶ್ರೀ.

ಪೆಟ್ಟಿಗೆಯ ಗಾಜಿಗೆ ಒಳಗಿನಿಂದ ಹನಿ ಕಟ್ಟಿತ್ತು. ಕಂಪ್ಯೂಟರ್ ಪರದೆಯ ಮೇಲೆ, ಕೆಲಸ ಎಷ್ಟಾಯಿತೆಂದು ತೋರಿಸುವ ಹಸಿರು ಗೆರೆ ಮುಕ್ಕಾಲು ಭಾಗ ಬಂದಿತ್ತು. ಅವಳು ಇದನ್ನೊಮ್ಮೆ ಅದನ್ನೊಮ್ಮೆ ನೋಡಿದಳು. ಉದಯಶಂಕರ್ ಮೇಜಿನ ಕಡೆ ಹೆಜ್ಜೆ ಇಟ್ಟ.

"ಇರಪ್ಪ, ನಾನೇ ತೆಗೀತೀನಿ."

ಬಗ್ಗಿ ವೈರನ್ನು ಎಳೆದಳು. ಪರದೆ ಕಪ್ಪಾಯಿತು. ತಾಜ್ ಪಾಷಾ ಪೆಟ್ಟಿಗೆಯ ಸ್ವಿಚ್ ಒತ್ತಿದ. ಮೋಟಾರು ಈ ಸಲ ನಿಲ್ಲದೆ ಓಡಿತು. ಆಗ ಅತ್ತಳು ನೋಡಿ, ಮನೆಯ ಸೂರು ಹಾರಿಹೋಗುವ ಹಾಗೆ. ನೆರೆದವರಿಗೆಲ್ಲ ಸಮಾಧಾನವಾಯಿತು. ಅಂತೂ ಗಂಡನಿಗಾಗಿ ಅತ್ತಳಲ್ಲ ಎಂದುಕೊಂಡರು.

*

ಕವನ ಬಂದು ಅಪ್ಪನ ಮುಖ ನೋಡಿದಳು. ಹೊತ್ತು ಮುಳುಗುವ ಮೊದಲು ತೋಟದ ಅಂಚಿನ ಗುಣಿಯಲ್ಲಿ ಅವನನ್ನು ಕೂರಿಸಿ, ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಮುಚ್ಚಿದರು. ಬಾಡಿಗೆ ಪೆಟ್ಟಿಗೆ ಕುದೂರಿಗೆ ವಾಪಸು ಹೋಯಿತು.

ಸ್ನಾನ ಮಾಡಿ ಬಂದವಳೇ ಸೌಮ್ಯಶ್ರೀ ಮಗಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಕವನ ಅಲ್ಲಿ ಇಲ್ಲಿ ಹುಡುಕಿದಳು.

"ಸೇರಿಸಿದ್ದು ಉಳಿದಿಲ್ಲಮ್ಮ. ಬರೀ ತುಂಡುಗಳು ಅವೆ."

"ಅವನ್ನೇ ಹಾಕು."

ಪರದೆಯ ಮೇಲೆ ಒಂದು ಕಪ್ಪು ಚೌಕ ಬಂತು. ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕಿ.

"ಕೆಂಪು ಎಲ್ಲೈತೆ?"

"ಇದರೊಳಗೇ ಐತೆ. ಕಾಣೋ ಹಂಗೆ ಎಳೆಯೋದು ಅಪ್ಪಂಗೆ ಗೊತ್ತಿತ್ತು. ನಂಗೆ ಬರಲ್ಲ."

ಸೌಮ್ಯಶ್ರೀ ಸೆರಗಿನ ತುದಿಯಿಂದ ಪರದೆ ಒರೆಸಿದಳು. ಕಪ್ಪು ಹಾಗೆಯೇ ಇತ್ತು.

"ಇನ್ನೊಂದು ಹಾಕು."

ಅದೂ ಕಪ್ಪೇ.

"ಸಾಕು ಬಾಮ್ಮ, ಎಲ್ಲಾ ಹಿಂಗೇ ಇರ್ತವೆ."

ಅವಳು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

"ಇರ್ಲಿ, ಇನ್ನೊಂದು ಹಾಕು."