ಹೊಲಿದುಬಿಟ್ಟ ಕಂಬಳಿ

ಕೊನೆಯ ಹೊಲಿಗೆಯ ದಾರವನ್ನು ಯೆದೀದಾ ಹಲ್ಲಿನಿಂದ ಕಡಿಯುವಷ್ಟರಲ್ಲಿ ಗಂಡನ ಶಿಷ್ಯರು ಬಾಗಿಲಿಗೆ ಬಂದರು. ಪ್ರವಾದಿ ಯಾಶೂಬನ ಹೆಣವನ್ನು ಅವನ ಒಂಟೆಗೂದಲಿನ ಕಂಬಳಿಯಲ್ಲೇ ಸುತ್ತಿ, ತಲೆಯಿಂದ ಪಾದದವರೆಗೆ ಹೊಲಿದುಬಿಟ್ಟಿದ್ದಳು.

"ಅಯ್ಯೋ, ಏನ್ ಮಾಡ್ಬಿಟ್ರಿ ಅಮ್ಮಾ!" ಹಿರಿಯ ಶಿಷ್ಯ ಶೋಬಾಬ ತಲೆಯ ಮೇಲೆ ಕೈಹೊತ್ತ. "ಗುರುಗಳ ಕಂಬಳಿ ಯಾರ ಹೆಗಲಿಗೆ ಬೀಳತ್ತೋ ಅವರಿಗೇ ಅಲ್ವಾ ದೇವರ ಮಾತು ಬರೋದು? ಮಣ್ಣಿಗೆ ಹಾಕಿದ್ರೆ ಮುಂದೆ ಹೇಳೋರ್ಯಾರು?"

"ಹೂಳೋ ಗುಹೇಲಿ ಚಳಿಯಪ್ಪಾ. ಬಿಚ್ಚೋನು ಬರ್ಲಿ, ನೋಡ್ತೀನಿ." ಸೂಜಿ ಇನ್ನೂ ಅವಳ ಕೈಯಲ್ಲೇ ಇತ್ತು.

ಪಕ್ಕದ ಮನೆಯ ವಿಧವೆ ಪೂವಾ ಬೇಳೆಯ ಗಡಿಗೆ ಇಳಿಸುತ್ತ, "ಗುರು ಹಾಸಿಗೆ ಹಿಡಿದ ಮೂರು ದಿನದಿಂದ ಯಾರ ಹೆಗಲು ಅಗಲ ಅಂತ ನೋಡ್ಕೊಂಡಿದ್ದೇ ಆಯ್ತು. ಒಬ್ರಾದ್ರೂ ಸೌದೆ ಒಡೆದ್ರಾ?" ಎಂದಳು.

ಶಿಷ್ಯರು ಕಿತ್ತುಕೊಂಡಾರೆಂದು ಹೆದರಿ ಯೆದೀದಾ ಹೊಲಿದದ್ದಲ್ಲ. ಪ್ರಾಣ ಹೋಗುವ ಮುಂಚೆ ಮುದುಕ ಕಂಬಳಿಯ ಅಂಚನ್ನು ಮಗಳು ತಿರ್ಚಾಳ ಕಡೆಗೆ ತಳ್ಳಿದ್ದ. ಅದನ್ನು ಕಂಡವಳು ಯೆದೀದಾ ಒಬ್ಬಳೇ.

*

ಮದುವೆಯಾದ ವರ್ಷ, ಉಳುತ್ತಿದ್ದ ಯಾಶೂಬ ದೇವರ ಮಾತು ಬಂದು ಅರ್ಧ ಸಾಲಿನಲ್ಲಿ ನಿಂತ. ಎತ್ತುಗಳನ್ನು ನೊಗದಲ್ಲೇ ಬಿಟ್ಟು ಅರಮನೆಯ ದಾರಿ ಹಿಡಿದ. ಉಳಿದ ಹೊಲವನ್ನು ಯೆದೀದಾಳೇ ಉತ್ತಳು. ಎರಡು ತಿಂಗಳ ಮೇಲೆ ಅವನು ಬಂದಾಗ ಬಾಯಲ್ಲಿ ಮುಂದಿನ ಹಲ್ಲುಗಳಿರಲಿಲ್ಲ.

"ಅರಸನ ಮುಂದೆ ಬಾಯಿ ಮುಚ್ಕೊಂಡಿರಕ್ಕಾಗ್ಲಿಲ್ವಾ?"

ಅವನು ಬಾಯಿ ಒರೆಸಿಕೊಂಡ. "ನೋವು ಬಂದೋಳು ಹೆರದೆ ಇರ್ತಾಳೇನೆ?"

ಆಮೇಲೆ ಮೂವತ್ತು ವರ್ಷ ಅವಳು ಬೇಳೆಯನ್ನು ಮೆತ್ತಗೆ ಬೇಯಿಸಿ ಹಾಕಿದಳು.

*

ಗುಹೆಯ ಬಾಯಿಗೆ ಕಲ್ಲು ಉರುಳಿಸಿದರು. ಶೋಬಾಬ ಗೊಳೋ ಎಂದು ಅತ್ತ. ಯೆದೀದಾ ಅಂದು ಮೊದಲ ಬಾರಿಗೆ ಸಲೀಸಾಗಿ ಉಸಿರುಬಿಟ್ಟಳು.

ಆಗ ಗಾಳಿ ನಿಂತಿತು. ಆಲಿವ್ ಮರದ ಒಂದೆಲೆಯೂ ಅಲುಗಲಿಲ್ಲ. ಅಳುತ್ತಿದ್ದ ಹೆಂಗಸರು ತಾವಾಗಿಯೇ ಸುಮ್ಮನಾದರು. ಹೆಗಲ ಮೇಲೆ ಏನೂ ಇಲ್ಲದ ತಿರ್ಚಾ ಜನರತ್ತ ತಿರುಗಿದಳು.

"ಕೇಳಿ." ಬೆಳಿಗ್ಗೆ ಹಿಟ್ಟು ಮುಗಿದಿದೆ ಎಂದಿದ್ದ ಅದೇ ಕೊರಳು. ಆದರೂ ಯೆದೀದಾಳ ಮೈಕೂದಲು ನೆಟ್ಟಗಾಯಿತು. "ಪೂವಾಳ ಹೊಲದ ಗಡಿಗಲ್ಲು ಸರಿಸಿದವನೇ, ಹೊತ್ತು ಮುಳುಗೋದ್ರೊಳಗೆ ಇದ್ದ ಕಡೆ ಇಟ್ಟು ಬಾ. ದೇವರು ನೋಡಿದಾನೆ."

ಪೂವಾ ಕಣ್ಣರಳಿಸಿದಳು, ಅವಳಿಗೇ ಗೊತ್ತಿರದ ಸಂಗತಿ ಅದು. ಗುಂಪಿನ ನಡುವೆ ಊರಿನ ಹಿರಿಯ ಬೆಕೆರ ಮೊಣಕಾಲೂರಿ ಕುಸಿದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಮಣ್ಣಿನಲ್ಲಿ ಕೂತರು.

ತಿರ್ಚಾ ಕಲ್ಲು ಉರುಳಿಸಿ ಮಣ್ಣಾದ ಕೈಗಳನ್ನು ಮುಂದೆ ಹಿಡಿದು ನಿಂತಿದ್ದಳು. ಪ್ರವಾದಿಯ ಕೈಗೆ ನೀರೆರೆಯುವುದು ಶಿಷ್ಯನ ಕೆಲಸ. ಶೋಬಾಬ ಎದ್ದು ಅಲ್ಲಿದ್ದ ನೀರಿನ ಕೊಡಕ್ಕೆ ಕೈಹಾಕಿದ.

ಯೆದೀದಾ ಅವನ ಕೈಯನ್ನು ಮೆಲ್ಲಗೆ ಸರಿಸಿದಳು. ಕೊಡವನ್ನು ತಾನೇ ಎತ್ತಿ, ತಲೆಬಾಗಿ, ಮಗಳ ಕೈಗಳ ಮೇಲೆ ನಿಧಾನವಾಗಿ ನೀರೆರೆಯತೊಡಗಿದಳು.