ಮಾವನ ಗುರುತು ಹಿಡಿದವರು

ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಮನೆಯಲ್ಲಿ 'ಮುಂದೇನು' ಎಂಬ ಮಾತಿಗೆ ಕೊನೆಯೇ ಇರುವುದಿಲ್ಲ. ಶಾಲೆಯ ಕಾಂಪೌಂಡಿಗೆ ಅಂಟಿಕೊಂಡಿರುವ ಹೊಲಿಗೆ ಅಂಗಡಿಯಲ್ಲೂ ಅದೇ ಆಯಿತು. ಅಂಗಡಿ ನಡೆಸುವ ಟೈಲರಕ್ಕ ಮಗಳ ಮಾತು ಕೇಳಿ ಮಿಷನ್ನಿನ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದಳು.

"ಏನಂದೆ? ಇನ್ನೊಂದ್ಸಲ ಹೇಳು."

"ಫೊರೆನ್ಸಿಕ್ ಸೈನ್ಸ್ ಓದ್ತೀನಮ್ಮ. ಅಪರಾಧ ನಡೆದ ಜಾಗದಲ್ಲಿ ಸಿಕ್ಕಿದ್ದನ್ನೆಲ್ಲ ಲ್ಯಾಬಲ್ಲಿ ಪರೀಕ್ಷೆ ಮಾಡಿ ನಿಜ ಏನು ಅಂತ ಕಂಡುಹಿಡಿಯೋದು."

"ಹೆಣ ಮುಟ್ಟೋ ಕೆಲಸ ಅನ್ನು! ಜಿರಲೆ ಕಂಡ್ರೆ ಮಂಚ ಹತ್ತೋಳು ನೀನು. ಟೀವಿ ನೋಡಿ ನೋಡಿ ತಲೆ ಕೆಟ್ಟಿದೆ. ಪೊಲೀಸು, ಕೋರ್ಟು ಅಂತ ಅಲೆಯೋ ಹುಡುಗೀನ ಯಾರು ಮೆಚ್ತಾರೆ?"

ಮಗಳು ಕಾಲೇಜಿನ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಅರ್ಜಿ ಹಾಕಲು ಇನ್ನೂ ಒಂದು ತಿಂಗಳಿತ್ತು.

ಆ ಮನೆಯಲ್ಲಿ ಇನ್ನೊಂದು ಮಾತು ಆರು ವರ್ಷದಿಂದ ಅರ್ಧಕ್ಕೇ ನಿಂತಿತ್ತು. ಟೈಲರಕ್ಕನ ತಮ್ಮ, ಎಲ್ಲರ ಬಾಯಲ್ಲೂ ಚಿಕ್ಕೋನು, ದೂರದ ಊರಿಗೆ ಸೇತುವೆ ಕೆಲಸಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಪೊಲೀಸರಿಗೆ ದೂರು ಕೊಟ್ಟರೂ ಸುಳಿವಿರಲಿಲ್ಲ. "ಅಲ್ಲೇ ಯಾರನ್ನೋ ಕಟ್ಕೊಂಡು ಹಾಯಾಗಿದಾನೆ, ಹೆತ್ತೋಳನ್ನ ಮರೆತುಬಿಟ್ಟ" ಎಂದು ಬೀದಿ ಆಡಿಕೊಂಡಿತ್ತು. ಜಗಲಿಯಲ್ಲಿ ಕೂರುವ ಅಜ್ಜಿ ಮಾತ್ರ ಫೋನು ರಿಂಗಾದಾಗಲೆಲ್ಲ "ಚಿಕ್ಕೋನಾ?" ಎಂದು ಕೇಳುತ್ತಿದ್ದಳು. ಟೈಲರಕ್ಕನಿಗೆ ಒಳಗೊಳಗೆ ತಮ್ಮನ ಮೇಲೆ ಸಿಟ್ಟು. ಬದುಕಿದ್ದರೆ ಒಂದು ಮಾತು ಹೇಳಬಾರದೇ?

ಆ ವಾರವೇ ಪೊಲೀಸ್ ಠಾಣೆಯಿಂದ ಕರೆ ಬಂತು. ಊರಿನ ಬಸ್ ನಿಲ್ದಾಣದ ಹಿಂದಿನ ಹಳೇ ಕಲ್ಲುಗಣಿಯ ನೀರು ಬತ್ತಿ, ತಳದಲ್ಲಿ ಮನುಷ್ಯನ ಮೂಳೆಗಳು ಸಿಕ್ಕಿದ್ದವು. ಕಾಣೆಯಾದವರ ಮನೆಯವರನ್ನೆಲ್ಲ ಪರೀಕ್ಷೆಗೆ ಕರೆಯುತ್ತಿದ್ದರು.

ಮೂವರೂ ಲ್ಯಾಬಿಗೆ ಹೋದರು. ಟೈಲರಕ್ಕ ಕತ್ತಲೆ ಕೋಣೆ, ಕೆಟ್ಟ ವಾಸನೆ ಎಂದುಕೊಂಡಿದ್ದಳು. ಅಲ್ಲಿ ನೋಡಿದರೆ ಬಿಳೀ ಗೋಡೆ, ಸಾಲು ಮೇಜು, ಪ್ರತಿ ಡಬ್ಬಿಗೂ ಒಂದು ಚೀಟಿ. ಬಿಳಿ ಕೋಟಿನ ವಿಜ್ಞಾನಿಯೊಬ್ಬರು ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಹತ್ತಿ ಸುತ್ತಿದ ಕಡ್ಡಿಯನ್ನು ಕೆನ್ನೆಯ ಒಳಗೆ ಮೆಲ್ಲಗೆ ಆಡಿಸಿದರು.

"ಇಷ್ಟೇನಾ? ಸೂಜಿ ಚುಚ್ತಾರೆ ಅಂತ ಬೆಳಗ್ಗಿಂದ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ" ಎಂದಳು ಅಜ್ಜಿ. ವಿಜ್ಞಾನಿ ನಕ್ಕುಬಿಟ್ಟರು.

"ಅದು ನಮ್ಮ ಚಿಕ್ಕೋನೇನಾ, ಮೇಡಂ?" ಟೈಲರಕ್ಕ ತಡೆಯಲಾರದೆ ಕೇಳಿದಳು.

ಅವರು ಅವಳ ಪಕ್ಕ ಕೂತರು. "ಈಗ ಏನೂ ಹೇಳಲ್ಲ ಅಕ್ಕ. ತಾಯಿಯ ಡಿಎನ್‌ಎ, ಆ ಮೂಳೆಯ ಡಿಎನ್‌ಎ ಎರಡನ್ನೂ ಹೋಲಿಸಿ ನೋಡ್ಬೇಕು. ಊಹೆ ಮಾಡಿ ನಿಮಗೆ ಆಸೇನೂ ಕೊಡಬಾರದು, ಭಯಾನೂ ಹುಟ್ಟಿಸಬಾರದು."

ಮಗಳು ಧೈರ್ಯ ಮಾಡಿದಳು. "ಮೇಡಂ, ನಿಮ್ಮ ಥರ ಆಗ್ಬೇಕಾದ್ರೆ ಏನು ಓದ್ಬೇಕು?"

"ಹನ್ನೆರಡರಲ್ಲಿ ವಿಜ್ಞಾನ ತಗೊಂಡಿದ್ಯಾ? ರಸಾಯನಶಾಸ್ತ್ರ, ಜೀವಶಾಸ್ತ್ರ ಚೆನ್ನಾಗಿ ಬರುತ್ತಾ? ಹಾಗಾದ್ರೆ ಫೊರೆನ್ಸಿಕ್‌ನಲ್ಲೇ ಪದವಿ ಮಾಡ್ಬಹುದು. ಇಲ್ಲ, ನನ್ನ ಹಾಗೆ ಮೊದಲು ರಸಾಯನಶಾಸ್ತ್ರದಲ್ಲಿ ಪದವಿ ಮಾಡಿ, ಆಮೇಲೆ ಸ್ನಾತಕೋತ್ತರಕ್ಕೆ ಫೊರೆನ್ಸಿಕ್ ತಗೋಬಹುದು. ಓದ್ತಿರುವಾಗಲೇ ರಜೆಯಲ್ಲಿ ಯಾವುದಾದ್ರೂ ಲ್ಯಾಬಲ್ಲಿ ತರಬೇತಿಗೆ ಕೇಳು. ಕೆಲಸ ತಕ್ಷಣ ಸಿಗುತ್ತೆ ಅಂತ ಸುಳ್ಳು ಹೇಳಲ್ಲ. ಸರ್ಕಾರಿ ಲ್ಯಾಬಿನ ಹುದ್ದೆ ಕಡಿಮೆ, ಪರೀಕ್ಷೆ ಕಷ್ಟ. ನಾನು ಮೂರನೇ ಸಲಕ್ಕೆ ಪಾಸಾದೆ."

"ಹೆಣ ಕೊಯ್ಯೋದೂ ನೀವೇನಾ?" ಟೈಲರಕ್ಕನ ಹುಬ್ಬು ಇನ್ನೂ ಇಳಿದಿರಲಿಲ್ಲ.

"ಅದು ಡಾಕ್ಟರ ಕೆಲಸ ಅಕ್ಕ. ಅದಕ್ಕೆ ವೈದ್ಯಕೀಯ ಓದ್ಬೇಕು. ಊರೂರು ಸುತ್ತಿ ವಿಚಾರಣೆ ಮಾಡೋದು ಪೊಲೀಸರ ಕೆಲಸ. ಅದಕ್ಕೆ ಪದವಿ ಮುಗಿಸಿ ಬೇರೆ ಪರೀಕ್ಷೆ ಬರೀಬೇಕು. ನಮ್ಮಲ್ಲೇ ಕೈಬರಹ, ಕಾಗದ ನೋಡೋರು ಬೇರೆ, ವಿಷ ಪತ್ತೆ ಮಾಡೋರು ಬೇರೆ, ಕಂಪ್ಯೂಟರ್, ಮೊಬೈಲ್ ನೋಡೋರು ಬೇರೆ. ಎಲ್ಲರಿಗೂ ಬೇಕಾಗಿರೋದು ಒಂದೇ. ತಾಳ್ಮೆಯಿಂದ ನೋಡ್ಬೇಕು, ನೋಡಿದ್ದನ್ನ ನೋಡಿದ ಹಾಗೇ ಬರೀಬೇಕು. ನಾಳೆ ಕೋರ್ಟಲ್ಲಿ ನಿಂತು ಹೇಳ್ಬೇಕಲ್ಲ."

ಟೈಲರಕ್ಕ ಅಜ್ಜಿಯ ಕೈ ಹಿಡಿದು ಎಬ್ಬಿಸಿದಳು. ಮನೆಗೆ ಬಂದವಳೇ ಮಿಷನ್ನಿನ ಮುಂದೆ ಕೂತಳು.

ಮೂರು ವಾರದ ಮೇಲೆ ಠಾಣೆಯ ಇನ್ಸ್‌ಪೆಕ್ಟರ್ ಕರೆಸಿದರು. ಟೇಬಲ್ಲಿನ ಮೇಲೆ ವರದಿ ಇತ್ತು. ಅದು ಚಿಕ್ಕೋನೇ.

"ವೈದ್ಯರ ವರದಿ, ನಮ್ಮ ತನಿಖೆ ಎರಡರಲ್ಲೂ ಯಾರ ಕೈವಾಡಾನೂ ಕಾಣ್ಲಿಲ್ಲಮ್ಮ. ಗಣಿ ಪಕ್ಕದ ಅಡ್ಡದಾರಿಯಲ್ಲಿ ನಡ್ಕೊಂಡು ಬರುವಾಗ ಕಾಲು ಜಾರಿರ್ಬೇಕು" ಎಂದರು ಇನ್ಸ್‌ಪೆಕ್ಟರ್.

ಟೈಲರಕ್ಕ ತಲೆಯೆತ್ತಿದಳು. ಆ ಅಡ್ಡದಾರಿ ಬರುವುದು ತಮ್ಮ ಬೀದಿಗೇ.

ಇನ್ಸ್‌ಪೆಕ್ಟರ್ ಒಂದು ಕನ್ನಡಕದ ಡಬ್ಬಿ ಮುಂದಿಟ್ಟರು. ಚಿಕ್ಕೋನ ಚೀಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಟ್ಟಿತ್ತಂತೆ. ಒಳಗಿದ್ದ ಕನ್ನಡಕದಂಗಡಿಯ ಚೀಟಿ ಪೂರ್ತಿ ಮಾಸಿಹೋಗಿತ್ತು. ಕಾಗದ ಪರೀಕ್ಷಿಸುವವರು ಅದನ್ನು ಬೇರೆ ಬೇರೆ ಬೆಳಕಿನಲ್ಲಿ ಹಿಡಿದು, ದಿನಗಟ್ಟಲೆ ಕೂತು ಅಕ್ಷರ ಓದಿದ್ದರು. ಆರು ವರ್ಷದ ಹಿಂದಿನ ತಾರೀಖು. ಕೆಳಗೆ 'ತಾಯಿಗೆ, ಓದುವ ಕನ್ನಡಕ' ಎಂದಿತ್ತು.

ಟೈಲರಕ್ಕನ ಎದೆಯಲ್ಲಿ ಗಡ್ಡೆಕಟ್ಟಿದ್ದ ಸಿಟ್ಟು ಕರಗಿ ಕಣ್ಣೀರಾಗಿ ಹರಿಯಿತು. ಮರೆತಿರಲಿಲ್ಲ ತಮ್ಮ. ಮನೆಗೇ ಬರುತ್ತಿದ್ದ.

ವಿಷಯ ತಿಳಿಸಿದಾಗ ಅಜ್ಜಿ ಬಹಳ ಹೊತ್ತು ಅತ್ತಳು. ಸಂಜೆ ಡಬ್ಬಿ ತೆಗೆದು ಕನ್ನಡಕ ಹಾಕಿಕೊಂಡಳು. ಮೊಮ್ಮಗಳು ಪತ್ರಿಕೆ ಹಿಡಿದಳು.

"ಕಾಣಿಸುತ್ತಾ ಅಜ್ಜಿ?"

"ಒಂದಕ್ಷರಾನೂ ಕಾಣ್ಸಲ್ಲ ಕಣೇ. ಆರು ವರ್ಷದಲ್ಲಿ ಕಣ್ಣು ಇನ್ನೂ ಮುದಿಯಾಯ್ತು. ಆದ್ರೂ ಇರ್ಲಿ, ತೆಗೀಬೇಡ." ಆಮೇಲೆ ಟೈಲರಕ್ಕನ ಕಡೆ ತಿರುಗಿದಳು. "ನನ್ನ ಮಗನ್ನ ಮನೆಗೆ ಕಳಿಸಿಕೊಟ್ಟ ಆ ಲ್ಯಾಬಿನ ತಾಯಿ ಮಾಡೋ ಕೆಲಸಾನೇ ಮಾಡ್ತೀನಿ ಅಂತಿದಾಳೆ ಇವಳು. ಬೇಡ ಅಂತೀಯಾ?"

ಅಂದಿಗೆ ಅರ್ಜಿಗೆ ಎರಡೇ ದಿನ ಉಳಿದಿತ್ತು. ಟೈಲರಕ್ಕ ಮೂಗು ಒರೆಸಿಕೊಂಡು ಅಂಗಡಿಯ ಬಾಗಿಲು ಹಾಕಿದಳು. "ಎಲ್ಲಿದೆ ಆ ಅರ್ಜಿ, ತಾ. ಆ ಕಾಲೇಜಿಗೆ ಮಾನ್ಯತೆ ಇದೆಯಾ, ಲ್ಯಾಬ್ ಇದೆಯಾ, ನಾಳೆ ಇಬ್ಬರೂ ಹೋಗಿ ನಮ್ಮ ಕಣ್ಣಾರೆ ನೋಡ್ಕೊಂಡು ಬರೋಣ. ಜಿರಲೆ ಕಂಡ್ರೆ ಮಾತ್ರ ನನ್ನ ಕರೀಬೇಡ!"

ಮಗಳು ಅಳುತ್ತಲೇ ನಕ್ಕಳು.

ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮಗಳೋ ಮಗನೋ ಈ ಓದಿನ ಮಾತೆತ್ತಿದರೆ ಮೊದಲ ಮಾತಿಗೇ ಬೇಡ ಎನ್ನಬೇಡಿ. ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಕೇಳಿ, ಹತ್ತಿರದ ಕಾಲೇಜಿಗೆ ಹೋಗಿ ವಿಚಾರಿಸಿ. 'ಮೂರೇ ತಿಂಗಳಲ್ಲಿ ಪತ್ತೇದಾರರಾಗಿ, ಕೆಲಸ ಗ್ಯಾರಂಟಿ' ಎನ್ನುವ ಜಾಹೀರಾತಿಗೆ ಮರುಳಾಗಬೇಡಿ. ಮಕ್ಕಳೇ, ದಾರಿ ಉದ್ದ ಎಂದು ಅಂಜಬೇಡಿ. ಇವತ್ತಿನ ರಸಾಯನಶಾಸ್ತ್ರದ ಪಾಠದಿಂದಲೇ ಅದು ಶುರುವಾಗುತ್ತದೆ. ನಿಜ ತಿಳಿಯದೆ ವರ್ಷಗಟ್ಟಲೆ ಕಾದು ಕೂತ ಮನೆಗಳು ಇನ್ನೂ ಇವೆ. ಆ ಮನೆಗಳಿಗೆ ನೀವು ಬೇಕು.